ಲೈನಿಂಗ್ ಬಟ್ಟೆ

ಗಂಡಸಿ ಹ್ಯಾಂಡ್‌ಪೋಸ್ಟಿನ ಅರ್ಧ ಹೆಂಗಸರ ಎದೆಸುತ್ತು ಸೊಂಟಸುತ್ತು
ನನ್ನ ನೋಟ್‌ಬುಕ್ಕಿನಲ್ಲಿದೆ.
ಯಾರು ಇಳಿದರು, ಯಾರು ತುಂಬಿಕೊಂಡರು,
ಯುಗಾದಿಯ ಹಿಂದಿನ ವಾರ ಯಾರ ತೋಳಲ್ಲಿ ಬಾಸುಂಡೆ ಇತ್ತು,
ಟೇಪು ಹಿಡಿದವಳಿಗೆ ಗೊತ್ತಾಗುತ್ತೆ.
ಇಪ್ಪತ್ತಾರು ವರ್ಷದಲ್ಲಿ
ಒಬ್ಬರ ಅಳತೆ ಇನ್ನೊಬ್ಬರಿಗೆ ಹೇಳಿದವಳಲ್ಲ.

ಅದಕ್ಕೇ ಇರಬೇಕು
ಅಣ್ಣನ ಮಗಳು ಒಂದು ಮಧ್ಯಾಹ್ನ ಬಂದು
ಮಿಷನ್ನಿನ ಪಕ್ಕ ಚಿಂದಿ ಚೀಲದ ಮೇಲೆ ಕೂತು
"ಅತ್ತೆ, ಒಂದು ವಿಷಯ" ಅಂದಿದ್ದು.
ಆಮೇಲೆ ಸುಮಾರು ಹೊತ್ತು ವಿಷಯವೇ ಬರಲಿಲ್ಲ.
ಬಾಬಿನ್ ಖಾಲಿಯಾಗಿತ್ತು. ಸುಮ್ಮನೆ ತುಳೀತಾ ಇದ್ದೆ,
ಹೊಲಿಗೆ ಬೀಳದೆ ಬಟ್ಟೆ ತುಂಬ ತೂತು.

ಹತ್ತೊಂಬತ್ತು ತುಂಬಿದೆ; ಹೋದ ಸಲ ಓಟೂ ಹಾಕಿದ್ದಾಳೆ.
ಹೆಸರು ಹೇಳಲ್ಲ.

ಅತ್ತಿಗೆಗೆ ಲೈನಿಂಗ್ ತರಬೇಕು ಅಂದೆ.
ಬಾಡಿದ ಕನಕಾಂಬರದ ಬಣ್ಣ, ಹಾಸನದಲ್ಲೇ ಸಿಗೋದು,
ಗುರುತಿಸೋಕೆ ಎಳೆಗಣ್ಣು ಬೇಕು, ಹುಡುಗೀನ ಕಳಿಸು.
ಸುಳ್ಳು ಸಲೀಸಾಗಿ ಬಂತು,
ಕೈಹೊಲಿಗೆಯ ಹಾಗೆ, ಮೇಲೆ ಕಾಣದೆ.

ಎಂಟೂಕಾಲರ ಬಸ್ಸು. ಆಧಾರ್ ತೋರಿಸಿ ಎರಡು ಸೊನ್ನೆ ಟಿಕೆಟ್.
ದುದ್ದ ದಾಟೋವರೆಗೂ ಅವಳು ಟಿಕೆಟ್ಟು ಮಡಚಿದಳು,
ಮಡಚಿ ಮಡಚಿ ಅಕ್ಕಿಕಾಳಿನಷ್ಟು ಮಾಡಿದಳು.
ಕಿಟಕಿಯಾಚೆ ಆಲೂಗೆಡ್ಡೆ ಅಗೀತಾ ಇದ್ರು.
"ಬೈಯಲ್ವಾ ಅತ್ತೆ?"
ಬೈಗುಳ ಬೇಕಾದಷ್ಟಿತ್ತು ನನ್ನ ಹತ್ತಿರ,
ನಮ್ಮಮ್ಮ ಕೊಟ್ಟಿದ್ದು, ಖರ್ಚಾಗದೆ ಹಾಗೇ ಇದೆ.
"ಇಡ್ಲಿ ತಿಂದ್ಯಾ?" ಅಂದೆ.

ದೊಡ್ಡಾಸ್ಪತ್ರೆ. ಚೀಟಿ ಬರೆಯೋ ಹುಡುಗ ತಲೆ ಎತ್ತದೆ
"ಗಂಡನ ಹೆಸರು?" ಅಂದ.
ಗುಂಡುಸೂಜಿ ಕಚ್ಚಿಕೊಂಡವಳ ಹಾಗೆ ನಿಂತುಬಿಟ್ಟೆ.
ಹಿಂದಿದ್ದ ನರ್ಸು, ಬ್ಯಾಡ್ಜಿನಲ್ಲಿ ಫಿಲೋಮಿನಾ ಅಂತಿತ್ತು,
"ಖಾಲಿ ಬಿಡಪ್ಪ, ಅವಳ ಹೆಸರು ಸಾಕು" ಅಂದರು,
ಒಂದು ಕಟ್ಟು ಕೊತ್ತಂಬರಿ ಸಾಕು ಅನ್ನೋ ಹಾಗೆ.

ಸ್ಟೀಲ್ ಬೆಂಚಿನ ಮೇಲೆ, ನೋಡಿ ನಮ್ಮ ಗ್ರಾಚಾರ,
ಹಾಲಿನ ಡೈರಿ ಕಾರ್ಯದರ್ಶಿಯ ತಾಯಿ ಲಕ್ಕಜ್ಜಿ.
"ಏನವ್ವ ಈ ಕಡೆ? ಮಗೂನೂ ಕರ್ಕೊಂಡು?"
"ನನಗೇ ಕಣಜ್ಜಿ. ಮುಟ್ಟು ನಿಲ್ಲೋ ಕಾಲ.
ನಿಂತಂಗೆ ನಿಲ್ತದೆ, ಮತ್ತೆ ಸುರೀತದೆ.
ಜೊತೆಗಿರಲಿ ಅಂತ ಇವಳು."
ಅಜ್ಜಿ ತಮ್ಮ ಕಾಲದ್ದೆಲ್ಲ ತೆಗೆದರು,
ಮೆಂತ್ಯ ನೆನೆಸಿದ್ದು, ಯಾರದೋ ಗರ್ಭಕೋಶ ತೆಗೆಸಿದ್ದು.
ಸಂಜೆಯೊಳಗೆ ಊರಿಗೆಲ್ಲ ನನ್ನ ಮುಟ್ಟು.
ಆಗಲಿ. ಸವೆದ ಬಟ್ಟೆಗೆ ಕಲೆ ಹತ್ತಿದರೆ ಏನು.

ಕರೆದಾಗ ಇಬ್ಬರೂ ಎದ್ವಿ.
ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೂಗಿನ ಮೇಲೆ ಮಾಸ್ಕಿನ ಗೆರೆ.
ಅವಳನ್ನು ಕೂರಿಸಿ ನನ್ನ ಕಡೆ ತಿರುಗಿ
"ನೀವು ಸ್ವಲ್ಪ ಹೊರಗಿರಿ."
"ನಾನು ಅತ್ತೆ. ನಾನೇ ಕರ್ಕೊಂಡು ಬಂದಿದ್ದು."
"ಗೊತ್ತಾಯ್ತು. ಆದರೂ. ಅವಳು ಬೇಕು ಅಂದರೆ ಕರೀತೀನಿ."
ಅವಳು ನೆಲ ನೋಡುತ್ತಿದ್ದಳು.
ಬೇಕು ಅನ್ನಲಿಲ್ಲ.

ಇಪ್ಪತ್ತಾರು ವರ್ಷದ ನೋಟ್‌ಬುಕ್ಕು
ಹಸಿರು ಪರದೆಯ ಈಚೆ ನಿಂತಿತು.
ಮೊದಲು ಸಿಟ್ಟು ಬಂತು, ಇಲ್ಲ ಅನ್ನಲ್ಲ.
ಉಪಾಯ ನನ್ನದು, ಸುಳ್ಳು ನನ್ನದು, ನನ್ನ ಮುಟ್ಟನ್ನೂ ಕೊಟ್ಟೆ,
ಬಾಗಿಲು ಮಾತ್ರ ನನಗಿಲ್ಲವಾ.
ಆಮೇಲೆ, ಲಕ್ಕಜ್ಜಿ ತೂಕಡಿಸುತ್ತಿದ್ದಾಗ,
ಹದಿನೆಂಟರಲ್ಲಿ ಕೊಟ್ಟಿಗೆಯಲ್ಲಿ ಮಲಗಿದ್ದು ನೆನಪಾಯ್ತು.
ಸುತ್ತ ಐದು ಹೆಂಗಸರು, ಎಲ್ಲರಿಗೂ ಎಲ್ಲ ಗೊತ್ತು,
ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.
ಅಲ್ಲಿ ಪರದೆಯೇ ಇರಲಿಲ್ಲ.

ಅರ್ಧ ಗಂಟೆ. ಮುಖ ತೊಳೆದುಕೊಂಡು ಬಂದಳು.
ಏನಾಯ್ತು ಅಂತ ನಾನು ಕೇಳಲಿಲ್ಲ.
ನೀವೂ ಕೇಳಬೇಡಿ.
ಗುರುವಾರ ಮತ್ತೆ ಬರಬೇಕಂತೆ, ಅಷ್ಟು ಹೇಳಿದಳು.

ಲೈನಿಂಗ್ ಮರೆತೇ ಹೋಗಿತ್ತು. ಕಸ್ತೂರಬಾ ರಸ್ತೆಗೆ ಓಡಿ
ಮುಕ್ಕಾಲು ಮೀಟರ್ ಹರಿಸಿ
ಚೀಟಿ ಗೀಟಿ ಎಲ್ಲ ಅದರೊಳಗೆ ಸುತ್ತಿದಳು.
ಬಸ್ಸಿನಲ್ಲಿ ನಿದ್ದೆ ಹೋದಳು, ಬಾಯಿ ತೆರೆದುಕೊಂಡು,
ಎಂಜಲು ನನ್ನ ಎಡ ಭುಜಕ್ಕೆ.

ಅತ್ತಿಗೆ ಬಾಗಿಲಲ್ಲೇ ಇದ್ದಳು. "ಸಿಕ್ತಾ?"
"ಸಿಕ್ತು. ಬಣ್ಣ ಸ್ವಲ್ಪ ಹೆಚ್ಚು ಕಮ್ಮಿ.
ಗುರುವಾರ ಹೋಗಿ ಬದಲಾಯಿಸ್ಕೊಂಡು ಬರ್ತೀವಿ."