ಬಲಕ್ಕ ಹೊಳ್ಳೂ ಸಿಗ್ನಲ್

ನಾಳೆ ಹತ್ತಕ್ಕ ನೀಲವ್ವನ ಲೈಸೆನ್ಸ್ ಟೆಸ್ಟು.
ಇವತ್ತ ಮುಂಜಾನೆ ಕಾರಿನ ಬಲಗಡೆ ಗಾಜು
ಏರಿದ್ದು ಇಳಿಯವಲ್ದು.
ಸ್ವಿಚ್ ಒತ್ತಿದರ ಬಾಗಲದೊಳಗ
ನಿದ್ದಿಗಣ್ಣಾಗ ಹಲ್ಲು ಕಡದಂಗ ಒಂದು ಸಪ್ಪಳ,
ಆಮ್ಯಾಲ ಅದೂ ಇಲ್ಲ.

ಸಾಹೇಬ್ರು ಇಂಡಿಕೇಟರ್ ನಂಬೂ ಪೈಕಿ ಅಲ್ಲ.
"ಕೈ ಹೊರಗ ಹಾಕಿ ತೋರಸ್ರಿ" ಅಂತಾರ.
ಮುಚ್ಚಿದ ಗಾಜಿನೊಳಗ ಕೈ ಎತ್ತಿದರ
ಅದು ಸಿಗ್ನಲ್ಲೋ, ನಮಸ್ಕಾರೋ?

ಹತ್ತೊಂಬತ್ತು ವರ್ಷದ ಸೆಡಾನು.
ಮದಲ ಒಬ್ಬ ಹತ್ತಿ ದಲಾಲರ ಮನಿಯಾಗಿತ್ತು,
ಆಗ ಈ ಗಾಜು ಬೆಣ್ಣಿಯೊಳಗ ಚಾಕು ಇಳಿದಂಗ ಇಳೀತಿತ್ತಂತ.
ಈಗ ನೆತ್ತಿ ಮ್ಯಾಲ ಕೆಂಪು ಎಲ್ ಬೋರ್ಡು,
ದಿನಾ ಐದು ಮಂದಿಯ ಅಂಜಿಕಿ ಕ್ಲಚ್ಚಿನ ಮ್ಯಾಲ.

ಕಾರವಾರ ರಸ್ತೆ, ಟಾಯರ್ ಗುಡ್ಡದ ಬಾಜೂಕ
ಗೌಸುಮೊದ್ದೀನನ ಶೆಡ್ಡು.
ಹಿಡಿಕಿಯ ಸ್ಕ್ರೂ ಬಿಚ್ಚಿ,
ಒಳಗಿನ ಹಲಗಿ ಎಳದ.
ಟಪ್, ಟಪ್, ಟಪ್. ಎರಡು ಕ್ಲಿಪ್ಪು ಮುರದವು.
"ಅವು ಮುರಿಯೋವೇ ಬಾಯಿ" ಅಂದ, ನನ್ನ ಮಾರಿ ನೋಡದಂಗ.
ಕರೀ ಅಂಟು ಹಚ್ಚಿದ ಪ್ಲಾಸ್ಟಿಕ್ ಹಾಳಿ ಸರಿಸಿದರ
ಕತ್ತಲಿ.
ಹನ್ನೊಂದು ವರ್ಷ ಈ ಗಾಡಿಯ ಎಡ ಸೀಟಿನಾಗ ಕುಂತೀನಿ,
ಬಾಗಲಾ ಇಷ್ಟು ಟೊಳ್ಳ ಇರತೈತಿ ಅಂತ ಗೊತ್ತಿರಲಿಲ್ಲ.

ತಳದಾಗ ಮಣ್ಣು, ಒಂದು ಎಂಟಾಣೆ, ಬಾಚಣಿಕಿಯ ಹಲ್ಲು,
ಮತ್ತ ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ.
ಯಾವಾಗೋ ಕಲಿಯಾಕ ಬಂದವರದು,
ಗಾಜಿನ ಸಂದಿಯಾಗ ಜಾರಿ ಬಿದ್ದದ್ದು.
ಮುಖ ಮಳಿನೀರಿಗೆ ಹೋಗೇತಿ,
ಒಂದು ಕಿವಿ, ಅರ್ಧ ಕಾಲರ್ ಉಳದೈತಿ.
ಪಾಸಾದರೋ ಇಲ್ಲೋ, ಆ ಕಿವಿ ನೋಡಿ ಹೆಂಗ ಹೇಳ್ಲಿ?
ಪರ್ಸಿನಾಗ ಇಟಗೊಂಡೆ.

"ಮೋಟರ್ ಗಟ್ಟಿ ಐತಿ. ಎಳಿಯೋ ತಂತಿ ಹರದೈತಿ.
ಹೊಸಾದು ಬರಾಕ ನಾಕು ದಿನ."
ನಾಕು ದಿನ ಅಂದಾಗ ನೀಲವ್ವ ನನ್ನ ನೋಡಿದಳು.
ಅವಳ ಕಣ್ಣಿಗೆ ಅವ ಏನಂದನೋ,
ಎದ್ದು ಹೋಗಿ, ಗುಜರಿಗೆ ಬಿದ್ದ ಇದರ ಜಾತಿಯದೇ ಗಾಡಿಯೊಂದರ
ಬಾಗಲಾ ಬಗದು ತಂದ.

ಕೂಡಸೂದು ಆತು, ಗಾಜು ಹಿಡಿಯವರು ಬೇಕು.
ಹುಡುಗ ಮದವಿಗೆ ಹೋಗ್ಯಾನ.
ಗೌಸನ ಕೈ ಮಣಿಕಟ್ಟಿಗೆ ಸಿಗಬೀಳತೈತಿ,
ನಂದೂ ಅಷ್ಟ.
ನೀಲವ್ವ ಬಳಿ ತಗದು ನನ್ನ ಉಡಿಯಾಗ ಹಾಕಿದಳು,
ಸೆರಗು ಸಿಗಸಿಕೊಂಡು
ಮೊಳಕೈತನಕ ಒಳಗ ಇಳಿಸಿದಳು.
"ಹುಷಾರಕ್ಕಾ, ತಗಡು ಹರಿತ ಐತಿ."
"ಹಂಚಿಗಿಂತಾ ಏನ್ ಮಹಾ?"

ದುರ್ಗದಬೈಲಿನ ಹಿಂದ ಅವಳ ಖಾನಾವಳಿ.
ದಿನಕ್ಕ ನಾಕನೂರು ರೊಟ್ಟಿ.
ಒಯ್ಯಾಕ ಬರೂ ಆಟೋದವ
ದಿನಾ ಒಂದು ಹೊಸಾ ರೇಟು ಹೇಳತಾನ,
ಅದಕ್ಕ ನಲವತ್ತೆಂಟರಾಗ ಸ್ಟೇರಿಂಗ್ ಹಿಡದಾಳ.
ಕತ್ತಲಿಯೊಳಗ ಕೈಯಿಂದನ ನೋಡಿ
ಗಾಜಿನ ಕಾಲು ಹಿಡಕಿಯ ಮ್ಯಾಲ ಇಟ್ಟಳು.
"ಹೂಂ, ಬಿಗಿರಿ."

ಸ್ವಿಚ್ ಒತ್ತಿದೆ.
ಇಳೀತು, ನರಳಿಕೋಂತ.
ಏರೂವಾಗ ಮುಕ್ಕಾಲಿಗೆ ನಿಂತಿತು.
ಗೌಸ ರಬ್ಬರಿಗೆ ಎಣ್ಣಿ ಹೊಡದು ಅಂದ,
"ಅರ್ಧಕ್ಕ ಬಟ್ಟು ಬಿಡ್ರಿ, ಒಂದು ಉಸಿರು ತಗೊಳ್ಲಿ,
ಆಮ್ಯಾಲ ಮತ್ತ ಒತ್ರಿ. ವಯಸ್ಸಾಗೇತಿ."
ನೂರೆಂಟು ಮಾತಾಡಿ ಆರುನೂರು ತಗೊಂಡ.

ಹೊಳ್ಳಿ ಬರೂವಾಗ ನೀಲವ್ವನ ಓಡಿಸಿದಳು.
ಮುರದ ಕ್ಲಿಪ್ಪಿನ ಜಾಗಾದಾಗ ಹಲಗಿ ಗಡಗಡ.
ಮಣಿಕಟ್ಟಿಗೆ ಗೀರಿತ್ತು, ಅದಕ್ಕ
ಗೌಸ ಸುತ್ತಿದ ಕರೀ ವೈರ್ ಟೇಪು.
ಗಾಜಿನ ಮನಿ ದಾಟೂವಾಗ
ಕಿಟಕಿ ಪೂರಾ ಇಳಿಸಿ
ಬಲಗೈ ಉದ್ದಕ ಹೊರಗ ಚಾಚಿದಳು, ಅಂಗೈ ಮುಂದ ಮಾಡಿ.
ಹಿಂದಿನ ಟೆಂಪೋದವ ಹಾರ್ನ್ ಹೊಡದು, ಹೊಡದು, ಸುಮ್ಮನಾದ.

"ತಿರುವು ಇನ್ನೂ ದೂರ ಐತಿ ನೀಲವ್ವಾ."
"ಗೊತ್ತೈತ್ರಿ" ಅಂದಳು.
ಕೈ ಒಳಗ ತಗೊಳ್ಲಿಲ್ಲ.