ಬಿಸಿಲು ಕಾಣದ್ದು

"ವರ್ಜಿನ್ ಅಂದರೇನು ಉಕ್ಕಪ್ಪಣ್ಣ?"
ಬ್ಯಾಂಕಿನ ಹೊಸ ಮೇಡಂ ಸೀಸೆ ತಿರುವುತ್ತ ಕೇಳಿದರು.
ಬಿಸಿಲು ಕಾಣದ್ದು, ಅಂದೆ. ಅಷ್ಟೇ ತೋಚಿತು.

ನನ್ನದು ಏಳು ಬಿಸಿಲು ಕಂಡ ಕೊಪ್ಪರ.
ಮಿಲ್ಲು ತಿರುಗಿದರೆ ಮುಳ್ಳೇರಿಯ ಪೇಟೆಗೆಲ್ಲ ಘಮ;
ಬಂಗುಡೆಗೂ ಸೈ, ತಲೆಗೂ ಸೈ,
ಕಿರುಗುಟ್ಟುವ ಬಾಗಿಲಿಗೂ.

ಮೊಮ್ಮಗಳು ಹುಟ್ಟಿದಾಗ ಒಂದು ಡಬ್ಬ ಒಯ್ದಿದ್ದೆ.
ಕಮಲಾಕ್ಷಿ ಮೂಸಿ ಬದಿಗಿಟ್ಟಳು:
"ಎಳೆ ಮೈಗೆ ಇದು ಬೇಡ."

ಆರು ಹಸಿಕಾಯಿ ತುರಿದು, ಹಿಂಡಿ,
ಉರುಳಿಯಲ್ಲಿ ಹಾಲು ಕಾಯಿಸುತ್ತ ಕೂತಳು.
ಮಧ್ಯಾಹ್ನ ದಾಟಿತು. ಸಿಕ್ಕಿದ್ದು
ಒಂದೇ ಲೋಟ,
ನೀರಿನ ಹಾಗೆ ತಿಳಿ.

ನನ್ನ ಮಿಲ್ಲಿನ ಹಿಂಡಿ ದನಕ್ಕೆ.
ಅವಳ ಉರುಳಿಯ ತಳದ ಕಂದು ಗಸಿ
ಬೆಲ್ಲ ಕಲಸಿ ನನಗೇ ಕೊಟ್ಟಳು.
ಸಿಟ್ಟಿದ್ದರೂ ತಿಂದೆ, ಬೆರಳು ನೆಕ್ಕಿದೆ.

ಮೇಡಂ ಬೆಲೆ ಕೇಳಿ ಸೀಸೆ ಕೆಳಗಿಟ್ಟರು,
ನನ್ನ ಡಬ್ಬದಿಂದಲೇ ಅರ್ಧ ಲೀಟರ್ ಒಯ್ದರು,
ಮೀನು ಹುರಿಯಲಂತೆ.