ಭದ್ರತಾ ಪ್ರಶ್ನೆ

ಟೈರ್ ಅಂಗಡಿಯವರು ಕೊಟ್ಟ ಕ್ಯಾಲೆಂಡರು ಫ್ರಿಜ್ಜಿನ ಮೇಲೆ.
ನವೆಂಬರ್ ಒಂದಕ್ಕೆ ಕೆಂಪು ಸುತ್ತು, ಹದಿನೈದಕ್ಕೆ ಹಸಿರು,
ಜನವರಿಯ ಅಂಚಿನಲ್ಲಿ ಪೆನ್ಸಿಲಿನದೊಂದು ಪ್ರಶ್ನೆಚಿಹ್ನೆ.
ಕೆಂಪು ಅವಳದು. ಪ್ರಶ್ನೆಚಿಹ್ನೆ ನನ್ನದು,
ಯಾಕೆ ಬರೆದೆನೆಂದು ಈಗ ನೆನಪಿಲ್ಲ.

ಹ್ಯಾಂಕಾಕ್‌ನಲ್ಲಿ ಹಿಮ ಅಕ್ಟೋಬರಿಗೇ ಬಾಗಿಲು ತಟ್ಟುತ್ತದೆ.
ಮುಂಜಾನೆ ಮೂರಕ್ಕೆ ಲಾರಿ ಹತ್ತಿ ಕೌಂಟಿ ರಸ್ತೆಗಳನ್ನು ಗೋರುತ್ತೇನೆ;
ಗೋರಿದ ಬೆನ್ನಿಗೇ ಮತ್ತೆ ಬೀಳುತ್ತದೆ, ಅದಕ್ಕೇ ಸಂಬಳ.
ಮನೆಗೆ ಬಂದರೆ ಐಲಿ
ಅಡುಗೆಮನೆಯ ಮೇಜಿಗೆ ಕೆನ್ನೆ ಆನಿಸಿ ನಿದ್ದೆ.
ಪಕ್ಕದಲ್ಲಿ, ಆರುನೂರೈವತ್ತು ಪದ ಮೀರದಂತೆ,
ನೀನು ಯಾರು ಎಂಬ ಪ್ರಶ್ನೆ.
ನಲವತ್ತೊಂಬತ್ತಾಯಿತು ನನಗೆ. ಯಾರೂ ಹಾಗೆ ಕೇಳಿದ್ದಿಲ್ಲ.

ಸ್ಕೂಲಿನ ಮಿಸೆಸ್ ಕೋಸ್ಕಿ ನಮ್ಮನ್ನೆಲ್ಲ ಜಿಮ್ಮಿನಲ್ಲಿ ಕೂರಿಸಿ
"ಗಾಡಿ ಮಕ್ಕಳೇ ಓಡಿಸಲಿ, ನಿಮ್ಮದು ಪಕ್ಕದ ಸೀಟು" ಎಂದಿದ್ದರು.
ಪಕ್ಕದ ಸೀಟಿನಲ್ಲಿ ಕೂತು ಅಭ್ಯಾಸವಿಲ್ಲ.
ಇಲ್ಲದ ಬ್ರೇಕನ್ನು ಕಾಲು ಒತ್ತುತ್ತಲೇ ಇರುತ್ತದೆ.

ನಾನಂದೆ: ಸೇತುವೆ ದಾಟಿದರೆ ಕಾಲೇಜು,
ನಮ್ಮ ಕಿಟಕಿಯಿಂದಲೇ ದೀಪ ಕಾಣುತ್ತದೆ.
ಅವಳಂದಳು: ಅದಕ್ಕೇ.

ಆನ್ ಆರ್ಬರ್‌ಗೆ ಒಂಬತ್ತೂವರೆ ಗಂಟೆ, ಹಿಮವಿಲ್ಲದ ದಿನ.
ಹಿಮವಿದ್ದರೆ ಎಷ್ಟೆಂದು
ನನ್ನಷ್ಟು ಚೆನ್ನಾಗಿ ಬಲ್ಲವರು ಈ ಊರಲ್ಲಿಲ್ಲ.
ಹೇಳಲಿಲ್ಲ, ನಾಲಿಗೆ ಕಚ್ಚಿಕೊಂಡೆ.
ಇದೂ ಸಹಾಯವೇ ಇರಬೇಕು.

ಹಣದ ಅರ್ಜಿಗೆ ಮಾತ್ರ ನಾನು ಬೇಕಾದೆ.
ಈ ಹುಡುಗಿಯ ಖರ್ಚನ್ನು ಹೆಚ್ಚು ಹೊತ್ತವರು ಯಾರು, ಎಂದಿತು ಪರದೆ.
ಹಲ್ಲಿನ ತಂತಿಗೆ ಅರ್ಧ ಅವಳಮ್ಮನದು,
ಗ್ರೀನ್ ಬೇಯಿಂದ, ಒಂದು ತಿಂಗಳೂ ತಪ್ಪದೆ.
ಬೂಟು, ಕ್ಲಾರಿನೆಟ್, ಒಂದೇ ಚಳಿಗಾಲಕ್ಕೆ
ಬೆರಳಿಗೆ ಬಿಗಿಯಾದ ಆ ಬೂಟಿನ ಬದಲಿಗೆ ಇನ್ನೊಂದು ಬೂಟು, ನನ್ನದು.
ಕೂಡಿ ಕಳೆದು, 'ತಂದೆ' ಎಂದು ಒತ್ತಿದೆ.
ಗೆದ್ದ ಹಾಗೇನೂ ಅನಿಸಲಿಲ್ಲ.

ತಂದೆ ಎಷ್ಟು ಓದಿದ್ದಾರೆ?
ಐಲಿ ಆಗ ನೀರು ಕುಡಿಯಲು ಎದ್ದಳು.
ಲೋಟ ಮೇಜಿನ ಮೇಲೇ ತುಂಬಿತ್ತು.

ಆಮೇಲೆ ನನ್ನ ಪಾಸ್‌ವರ್ಡ್ ನನಗೇ ಮರೆತಿತು.
ಮೂರು ಸಲ ತಪ್ಪಿದ ಮೇಲೆ ಪರದೆಯ ದನಿ ಮೆತ್ತಗಾಯಿತು:
ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರು?

"ನಿಸು," ಎಂದೆ.
"ಬ್ರೆಡ್ಡಾ?"
ನಾಯಿ. ಆ ಏಲಕ್ಕಿ ಬ್ರೆಡ್ಡಿನದೇ ಬಣ್ಣ,
ಬೆನ್ನ ಮೇಲೆ ಜಡೆ ಹೆಣೆದ ಹಾಗೆ ಕೂದಲ ಸುಳಿ.
ಹದಿನೇಳು ವರ್ಷ ಒಂದೇ ಸೂರಿನಡಿ ಇದ್ದವಳಿಗೆ
ನನಗೊಂದು ನಾಯಿಯಿತ್ತೆಂದೇ ಗೊತ್ತಿಲ್ಲ.
ಸರ್ಕಾರಕ್ಕೆ ಗೊತ್ತು.

ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು,
ಫೋನನ್ನು ಬೋರಲು ಹಾಕಿ.
ಎಲ್ಲಿ ಸಿಕ್ಕಿತು, ಅಜ್ಜ ಬೈಯಲಿಲ್ಲವಾ,
ನೀರು ಹೆಪ್ಪುಗಟ್ಟಿದಾಗ ಆಚೆ ದಡಕ್ಕೆ ಓಡುತ್ತಿತ್ತಾ?
ಓಡುತ್ತಿತ್ತು, ಎಂದೆ.
ಅಲ್ಲಿ ನಿಂತು ಇತ್ತ ಮುಖ ಮಾಡಿ ಬೊಗಳುತ್ತಿತ್ತು,
ನಾನೇ ಎಲ್ಲಿಗೋ ಹೊರಟುಹೋದವನ ಹಾಗೆ.

"ಆಮೇಲೆ?"
ಗಡಿಯಾರ ನೋಡಿದೆ. ಹನ್ನೊಂದು ನಲವತ್ತೆರಡು,
ಕೆಂಪು ಸುತ್ತಿನ ದಿನ.
"ಮೊದಲು ನಿನ್ನ ಪ್ರಬಂಧ ಕಳಿಸು."
ಕಳಿಸಿದಳು. ಪರದೆಯ ಮೇಲೆ ಸಣ್ಣದೊಂದು ಚಕ್ರ
ತಿರುಗಿತು, ತಿರುಗಿತು,
ಇಬ್ಬರೂ ಉಸಿರು ಬಿಗಿಹಿಡಿದೆವು.
ಅವಳು ಏನು ಬರೆದಿದ್ದಾಳೆಂದು ನಾನು ಓದಿಲ್ಲ.
ಕೇಳಿದ್ದೆ. ಬೇಡ ಅಂದಿದ್ದಳು.

ಅಷ್ಟರಲ್ಲಿ ಗ್ಯಾರೇಜಿನಿಂದ ಕರೆ: ಇವತ್ತು ಬೇಗ ಶುರುವಾಗಿದೆ, ಬಾ.
ಬೂಟಿಗೆ ಕಾಲು ತೂರಿಸುವಾಗ ಮೆಟ್ಟಿಲ ಮೇಲಿಂದ
"ಅಪ್ಪಾ, ನಾಯಿ?"
ಬಂದು ಹೇಳುತ್ತೇನೆ, ಎಂದೆ.

ಸೇತುವೆಯ ಮಧ್ಯದಲ್ಲಿ ಕಬ್ಬಿಣದ ಜೋಡಣೆ ಬರುತ್ತದೆ.
ಅಲ್ಲಿ ಗೋರುಹಲಗೆಯನ್ನು ಒಂದು ಗೇಣು ಎತ್ತಬೇಕು,
ಇಲ್ಲವಾದರೆ ಎರಡಕ್ಕೂ ಪೆಟ್ಟು.
ಎತ್ತಿದೆ.